ದಿಲ್ಲಿಯ ಅಭಿಪ್ರಾಯ ಬರಲಿ

ನಮ್ಮ ಭಾವ ಹಣಮಂತರಾಯರಿಗೆ ದೆವ್ವ ಭೂತಗಳಲ್ಲಿ ನಂಬಿಕೆಯಿಲ್ಲ. ಆದರೂ ಹೈದರಾಬಾದಿನ ನಾರಾಯಣಗೂಡದ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿನ ಖಾಲಿ ಕುರ್ಚಿಗೆ, "ದಿಲ್ಲಿಯಿಂದ ಇನ್ನೂ ಬಂದಿಲ್ಲಪಾ, ತಡಿ" ಎನ್ನುತ್ತಾರೆ. ಬಡಿಸುತ್ತಿದ್ದ ನಮ್ಮಕ್ಕ ಸುಮತಿ ಹಾಗೇ ನಿಂತುಬಿಡುತ್ತಾಳೆ. ನನಗೆ ಸಿಟ್ಟು ಬರುತ್ತದೆ, ಭಯವೂ ಆಗುತ್ತದೆ.

ಅವರಿಗೆ ಕಾಣುವವನು ಇದ್ರಿಸ್, ಆಫ್ರಿಕಾದ ಸಣ್ಣ ದೇಶವೊಂದರ ಹುಡುಗ. ಊರೆಲ್ಲ ಸಾಫ್ಟ್‌ವೇರ್ ಜಪ ಮಾಡುತ್ತಿದ್ದ ಕಾಲದಲ್ಲಿ ಕಂಪ್ಯೂಟರ್ ಕಲಿಯಲು ಹೈದರಾಬಾದಿಗೆ ಬಂದವನು. ವೀಸಾ ಮುಗಿದಿದೆಯೆಂದು ಪೊಲೀಸರು ಹಿಡಿದರು. ಜೈಲಿನಲ್ಲಿ ಜ್ವರ ಹಿಡಿಯಿತು. ಅವನ ವಕೀಲೆ ಪ್ರಿಯಂವದಾ ಫೋನ್ ಮಾಡಿದರೆ ಅವನ ದೇಶದ ರಾಯಭಾರ ಕಚೇರಿಯವರು, ಇಲ್ಲಿನ ಸರ್ಕಾರದ ಕಡೆಯಿಂದ ಒಂದು ಮಾತು ಬರಲಿ ಎಂದರಂತೆ.

ಅವಳು ರಾಜ್ಯದ ಗೃಹ ಇಲಾಖೆಯಲ್ಲಿದ್ದ ಭಾವನ ಕಚೇರಿಗೆ ಓಡಿದಳು. ವಿದೇಶಿಯನ್ನು ಹಿಡಿದಾಗ, ಅವನು ಕೇಳಿದರೆ, ಅವನ ದೇಶದವರಿಗೆ ತಿಳಿಸಬೇಕು. ಇದ್ರಿಸ್ ಕೇಳಿದ್ದಾನೆ. ದೇಶದೇಶಗಳ ನಡುವಿನ ಆ ಒಪ್ಪಂದವನ್ನು ದಿಲ್ಲಿ ಒಪ್ಪಿದೆ. ಇಂಥದ್ದೇ ಪ್ರಕರಣದಲ್ಲಿ ಹಾಗೆ ತಿಳಿಸದ ಅಮೆರಿಕದ್ದು ತಪ್ಪೆಂದು ಅಂತರರಾಷ್ಟ್ರೀಯ ನ್ಯಾಯಾಲಯವೂ ಹೇಳಿದೆ ಎಂದಳು.

"ಒಪ್ಪಿದ್ದು ದಿಲ್ಲಿ. ಪೊಲೀಸು, ಜೈಲು ನಮ್ಮ ರಾಜ್ಯದ್ದು," ಎಂದರು ಭಾವ. "ಆ ತೀರ್ಪು ನಮಗ ಲಾಗೂ ಆಗತೈತೋ ಇಲ್ಲೋ, ದಿಲ್ಲಿ ಅಭಿಪ್ರಾಯ ಬರ್ಲಿರಿ."

"ಹುಡುಗ ಭಾಳ ಸೊರಗ್ಯಾನ್ರಿ ರಾಯರ."

"ಕಾನೂನು ಅಂದ ಮ್ಯಾಲ ಕಾನೂನು ನೋಡ್ರಿ."

ಫೈಲು ಹೋಯಿತು. ಇದು ರಾಜ್ಯದ ವಿಷಯವಲ್ಲವೇ ಎಂದು ದಿಲ್ಲಿ ಕೇಳಿತು. ಒಪ್ಪಂದ ನಿಮ್ಮದಲ್ಲವೇ ಎಂದು ಇಲ್ಲಿಂದ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಇಲ್ಲಿ ಕೂಸು ಸತ್ತೇ ಹೋಯಿತು.

ಭಾವ ಕೆಟ್ಟವರಲ್ಲ. ಲಂಚ ಮುಟ್ಟಿದವರಲ್ಲ, ಯಾರಿಗೂ ಗದರಿದವರಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮಗನ ದೇಹ ಒಯ್ಯಲು ಬಂದ ತಂದೆ ಭಾವನನ್ನು ನೋಡಬೇಕೆಂದರು. ಪ್ರಿಯಂವದಾ ಕರೆದುಕೊಂಡು ಹೋದಳು. ಮುಂದಿನದೆಲ್ಲ ಅವಳೇ ನನಗೆ ಹೇಳಿದ್ದು. ಆತ ಶಾಲೆಯ ಮಾಸ್ತರು. ಕೂಗಾಡಲಿಲ್ಲ, ಅಳಲಿಲ್ಲ. ಭಾವ ಒಪ್ಪಂದ, ತೀರ್ಪು, ಕೇಂದ್ರ, ರಾಜ್ಯ ಎಲ್ಲವನ್ನೂ ಬಿಡಿಸಿ ಹೇಳಿದರು. ಮಾಸ್ತರು ಪೂರ್ತಿ ಕೇಳಿಸಿಕೊಂಡು, ನಿಧಾನವಾದ ಇಂಗ್ಲಿಷಿನಲ್ಲಿ ಕೇಳಿದರು:

"ನಮಗೆ ತಿಳಿಸಲೇಬೇಕೆಂಬ ಕಾನೂನು ನಿಮ್ಮಲ್ಲಿ ಇರಲಿಲ್ಲ. ಸರಿ. ತಿಳಿಸಬಾರದೆಂಬ ಕಾನೂನು ಇತ್ತೇ?"

ಭಾವ ಎದ್ದು ಕಪಾಟಿನಿಂದ ಕಾನೂನಿನ ಪುಸ್ತಕ ತೆಗೆದರು. ಆ ತಂದೆ ಹೊರಟುಹೋದ ಮೇಲೂ ಹಾಳೆ ತಿರುವುತ್ತಲೇ ಇದ್ದರು.