ಆಸಿಡ್ ಮಾವನ ಮೂರು ಲೋಟ

ಬೇರೆ ಅಂಗಡಿಯವರು ಸರಕನ್ನು ಹೊಗಳಿ ಮಾರಿದರೆ, ಆಸಿಡ್ ಮಾವ ಹೆದರಿಸಿ ಮಾರುತ್ತಾರೆ. ನೆಲದ ಕಲೆ ತೆಗೆಯುವ ಆಸಿಡ್ ಕೊಳ್ಳಲು ಬಂದವರು ಯಾರಾದರೂ "ಸ್ಟ್ರಾಂಗ್ ಇರೋದೇ ಕೊಡಿ" ಅಂದರೆ ಸಾಕು, ಮೇಜಿನ ಮೇಲೆ ಮೂರು ಗಾಜಿನ ಲೋಟ ಸಾಲಾಗಿ ನಿಲ್ಲುತ್ತವೆ. ಒಂದರಲ್ಲಿ ನೀರು ಹೆಚ್ಚು, ಇನ್ನೊಂದರಲ್ಲಿ ಸಮಸಮ, ಮೂರನೆಯದರಲ್ಲಿ ಆಸಿಡ್ಡೇ ಹೆಚ್ಚು. ಮೂರಕ್ಕೂ ಒಂದೊಂದು ಅಮೃತಶಿಲೆಯ ಚೂರು ಹಾಕಿ, ಒಲೆ ಮೇಲಿನ ಹಾಲು ಕಾಯುವವರಂತೆ ಕಣ್ಣು ಕೀಲಿಸಿ ಕೂರುತ್ತಾರೆ. ಮೊದಲನೆಯದರಲ್ಲಿ ಗುಳ್ಳೆಗಳು ಆಕಳಿಸುತ್ತಾ ಒಂದೊಂದಾಗಿ ಏಳುತ್ತವೆ. ಮೂರನೆಯದು ಬುಸ್ಸೆಂದು ನೊರೆ ಉಕ್ಕಿಸುತ್ತದೆ. "ನೋಡಿದ್ರಾ? ನೀರು ಬೆರೆಸಿದ್ರೂ ಕಲೆ ಹೋಗುತ್ತೆ, ನಿಧಾನ ಅಷ್ಟೆ. ಗಟ್ಟಿ ಇದ್ರೆ ಕಲೆ ಜೊತೆ ನೆಲಾನೂ ಹೊರಡುತ್ತೆ." ನಿನ್ನೆ ಒಬ್ಬ ಗೃಹಿಣಿ ರೇಗಿದರು: "ಸಂಜೆಗೆ ನೆಂಟರು ಬರ್ತಾರೆ ಮಾವ, ನಿಮ್ಮ ನಿಧಾನ ನೀವೇ ಇಟ್ಕೊಳ್ಳಿ! ಕೊಡ್ತೀರೋ, ಎದುರಂಗಡಿಗೆ ಹೋಗ್ಲೋ?" "ಹೋಗ್ಬನ್ನಿ ತಾಯಿ, ರಸ್ತೆ ದಾಟುವಾಗ ಜೋಪಾನ," ಅಂದರು ಮಾವ. ಹೀಗೆ ಕಳಿಸಿಕೊಟ್ಟ ಗಿರಾಕಿಗಳಿಂದಲೇ ಎದುರಂಗಡಿಗೆ ಎರಡನೇ ಮಹಡಿ ಎದ್ದಿದೆ, ಇವರ ಅಂಗಡಿ ಮುಚ್ಚುವ ಹಂತಕ್ಕೆ ಬಂದಿದೆ. ಹೆಂಡತಿ ಬೈದರೂ ಮಾವ ಜಗ್ಗುವುದಿಲ್ಲ. ಹರೆಯದಲ್ಲಿ ಅವರೂ ಅವಸರದವರೇ ಆಗಿದ್ದರು. ಗಟ್ಟಿ ಆಸಿಡ್ಡಿನಲ್ಲಿ ಬರಿಗೈ ಆಡಿಸಿ, ಈಗ ಬೆರಳ ತುದಿಗೆ ಬಿಸಿ ತಣ್ಣಗೆ ಒಂದೂ ತಿಳಿಯದು. ಮೊಮ್ಮಗಳಿಗೆ ಜ್ವರ ಬಂದರೆ ಮನೆಯವರೆಲ್ಲ ಅವಳ ಹಣೆ ಮುಟ್ಟಿ ನೋಡುತ್ತಾರೆ. ಮಾವ ಮಾತ್ರ ಬಗ್ಗಿ, ಆ ಹಣೆಗೆ ತಮ್ಮ ಕೆನ್ನೆ ಇಟ್ಟು ನೋಡುತ್ತಾರೆ.