ಕೆಂಪು ದೀಪಕ್ಕೆ ನಿಲ್ಲುತ್ತಿದ್ದ ಕಾಕು

ಕಾಕುವಿನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಮಂಚದ ಮೇಲೆ ಕೂತು, ಎರಡೂ ಕೈಯಲ್ಲಿ ಗೇಮಿನ ರಿಮೋಟು ಹಿಡಿದು, ಟಿವಿಯಲ್ಲಿ ತಿರುವು ಬಂದಾಗಲೆಲ್ಲ ಊದಿದ ಪಾದದಿಂದ ನೆಲವನ್ನು ಬ್ರೇಕಿನ ಹಾಗೆ ಒತ್ತುತ್ತಿದ್ದರು. ನಿಜವಾದ ಬ್ರೇಕು ಇದ್ದದ್ದು ಅವರ ಬೆರಳ ತುದಿಯಲ್ಲಿ. "ಗೊತ್ತೈತಿ ವಾ, ಆದ್ರ ಕಾಲು ಕೇಳಬೇಕಲ್ಲ" ಎನ್ನುತ್ತಿದ್ದರು.

ಬೊರಿವಲಿಯ ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ನಾಲ್ಕನೆಯ ಮಹಡಿಯಲ್ಲಿ ನನ್ನದೂ ಕಾಕುವಿನದೂ ಎದುರುಬದುರು ಬಾಗಿಲು. ಧಾರವಾಡದ ಕಡೆಯ ಕಾಕು ಕಾಲಿಗೆ ಚಕ್ರ ಕಟ್ಟಿಕೊಂಡಂಥ ಹೆಂಗಸು. ಮನೆಮನೆಗೆ ಸೀರೆ ಮಾರುತ್ತ ಲೋಕಲ್ ಗಾಡಿಗಳಲ್ಲೇ ಅರ್ಧ ಆಯುಷ್ಯ ಕಳೆದವರು. ಮೊಣಕಾಲು ಸವೆದು ಮೆಟ್ಟಿಲು ಇಳಿಯಲಾಗದೆ ಹೋದಾಗ ಅವರಿಗೆ ಉಳಿದದ್ದು ಅಳಿಯ ಬಿಟ್ಟುಹೋಗಿದ್ದ ಹಳೆಯ ಗೇಮ್ ಮಷೀನು, ಅದರಲ್ಲೊಂದು ಕಾರ್ ರೇಸಿನ ಆಟ. ಆದರೆ ರೇಸಿನ ಗೊಡವೆಗೇ ಅವರು ಹೋಗುತ್ತಿರಲಿಲ್ಲ. ಅಳಿಯ ಎಂದೋ ರೇಸ್ ಗೆದ್ದು ತೆರೆದಿಟ್ಟಿದ್ದ, ಆಟದೊಳಗಿನ ಊರಿನಲ್ಲಿ, ಸಮುದ್ರದ ದಂಡೆಗುಂಟ, ಎತ್ತಿನ ಗಾಡಿಯ ವೇಗದಲ್ಲಿ ಕಾರು ಓಡಿಸುತ್ತಿದ್ದರು. "ಸಂತಿಗೆ ಹೋಗಿ ಬಂದಂಗಾತು" ಎಂದು ಆಮೇಲೆ ಚಹಾಕ್ಕಿಡುತ್ತಿದ್ದರು.

ಒಂದು ದಿನ ಮಷೀನು ಸತ್ತಿತು. ಸಾಯುವಾಗ ಒಳಗಿದ್ದ ಡಿಸ್ಕನ್ನೂ ಕೆರೆದು ಹಾಳು ಮಾಡಿತು. ಅಳಿಯ ಹೊಸ ಮಷೀನು ಕಳಿಸಿದ. ಅದಕ್ಕೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ, ಆಟವನ್ನು ಆನ್‌ಲೈನ್ ಅಂಗಡಿಯಲ್ಲೇ ಕೊಳ್ಳಬೇಕು. ಹುಡುಕಿ ನೋಡಿದೆ. ಕಾರು ಕಂಪನಿಗಳ ಜೊತೆಗಿನ ಕರಾರು ಮುಗಿದು ಆ ಆಟದ ಮಾರಾಟವೇ ನಿಂತುಹೋಗಿತ್ತು.

"ಮಾರೂದು ಬಿಟ್ರ ಆ ಊರಽ ಇಲ್ಲದಂಗಾತೇನು?" ಎಂದರು ಕಾಕು.

ಬೇರೆ ಆಟ ಹಾಕಿಕೊಟ್ಟರೆ ಮುಟ್ಟಲಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ವಾಕರ್ ಎಳೆದಾಡಿದರು. ಊಟವನ್ನು ಅರ್ಧಕ್ಕೇ ಬಿಡತೊಡಗಿದರು. ಹೀಗೇ ಆದರೆ ಈ ಜೀವ ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಮೊದಲೇ ನಾನು ತುದಿಗಾಲಲ್ಲಿ ನಿಲ್ಲುವವಳು. ವಾಕರಿನ ಸದ್ದು ಬಾಗಿಲು ದಾಟಿ ಬಂದು ತಲೆ ತಿನ್ನುತ್ತಿತ್ತು. ದಾದರ್‌ನಲ್ಲಿ ಆಫೀಸು ಬಿಟ್ಟವಳೇ ಮನೆಯ ಗಾಡಿ ಬಿಟ್ಟು, ಎದುರು ದಿಕ್ಕಿನ ಲೋಕಲ್ ಹತ್ತಿ ಗ್ರಾಂಟ್ ರೋಡಿನ ಎಲೆಕ್ಟ್ರಾನಿಕ್ ಅಂಗಡಿಗಳಿಗೆ ಹೋಗತೊಡಗಿದೆ. ಹಳೇ ಮಾಲು ಯಾಕೆ, ಹೊಸ ಆಟ ಒಯ್ಯಿರಿ ಎಂದು ಅಂಗಡಿಯವರು ಹಿಂದಿಯಲ್ಲಿ ಬುದ್ಧಿ ಹೇಳಿದರು. ಕೊನೆಗೆ ಒಬ್ಬನ ಅಟ್ಟದಲ್ಲಿ ಹಳೆಯ ಮಷೀನೂ ಅದೇ ಆಟದ ಡಿಸ್ಕೂ ಸಿಕ್ಕವು.

ಆದರೆ ಅಳಿಯನ ಗೆಲುವು ಸತ್ತ ಮಷೀನಿನ ಜೊತೆಗೇ ಹೋಗಿತ್ತು. ಹೊಸದಾಗಿ ಶುರುವಾದ ಆಟ, ಮೊದಲು ಒಂದು ರೇಸ್ ಗೆಲ್ಲು, ಆಮೇಲೆ ಊರು ಸುತ್ತು ಎಂದಿತು. ಕಾಕು ಓಡಿಸಿದರು. ರೇಸಿನ ನಡುವೆ ಕೆಂಪು ದೀಪ ಕಂಡಲ್ಲಿ ನಿಂತರು. ಉಳಿದ ಕಾರುಗಳೆಲ್ಲ ಸುಯ್ಯೆಂದು ದಾಟಿ ಹೋದವು. ಮತ್ತೆ ಆಡಿದರು, ಮತ್ತೆ ನಿಂತರು. ವಾರವಿಡೀ ಇದೇ ಹಣೆಬರಹ.

"ಕಾಕು, ಇದು ಆಟ ರೀ. ಪೊಲೀಸ್ರು ಹಿಡಿಯೂದಿಲ್ಲ" ಎಂದು ರೇಗಿದೆ.

"ಪೊಲೀಸ್ರ ಸಲುವಾಗಿ ನಿಂದರ್ತಾರೇನು?" ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ನಾಲಿಗೆ ಕಚ್ಚಿಕೊಂಡೆ. ರಸ್ತೆ ದಾಟುತ್ತಿದ್ದ ಅವರ ಯಜಮಾನರನ್ನು ಬಲಿ ತೆಗೆದುಕೊಂಡದ್ದು ಸಿಗ್ನಲ್ ಮುರಿದು ಬಂದ ಒಂದು ಕಾರು. ಇಡೀ ಬಿಲ್ಡಿಂಗಿಗೆ ಗೊತ್ತಿದ್ದ ಸಂಗತಿ. ನನ್ನ ಅವಸರಕ್ಕೆ ಅದು ಹೊಳೆದೇ ಇರಲಿಲ್ಲ.

ಭಾನುವಾರ ಸಂಜೆ ಅವರೇ ರಿಮೋಟನ್ನು ನನ್ನ ಕೈಗಿಟ್ಟರು. "ಇದೊಂದು ಸಲ ನೀ ಹೊಡಿ. ನಾ ಆ ಕಡೆ ಮಾರಿ ಮಾಡ್ತೀನಿ."

ಗೋಡೆಗೆ ಮುಖ ಮಾಡಿ ಕೂತರು. ದಾರಿಯಲ್ಲಿ ಬಂದ ಸಿಗ್ನಲ್ಲುಗಳನ್ನೆಲ್ಲ ಮುರಿದು ಓಡಿಸಿದೆ. ಗೆದ್ದೆ, ಊರು ತೆರೆಯಿತು. ಕಾಕು ತಿರುಗಲಿಲ್ಲ.

"ಮುಗೀತೇನು? ಯಾರಿಗೂ ಬಡೀಲಿಲ್ಲ ಹೌದಲ್ಲ?"

"ಇಲ್ರಿ ಕಾಕು, ಯಾರಿಗೂ ಇಲ್ಲ."

ಆಗ ಈ ಕಡೆ ತಿರುಗಿ ರಿಮೋಟು ಇಸಿದುಕೊಂಡರು. ಅಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ದಂಡೆ ಸುತ್ತಿಸಿದರು. ಎಲ್ಲಿಗೆ ಹೊರಟಿದ್ದೇವೆ ಎಂದು ಕೇಳಬೇಕೆಂದು ನನಗೂ ಅನಿಸಲಿಲ್ಲ.

ಹೋದ ವರ್ಷ ದೀಪಾವಳಿಗೆ ಮುಂಚೆ ಕಾಕು ನಿದ್ದೆಯಲ್ಲೇ ಹೋದರು. ನಾಲ್ಕು ಮಹಡಿ ಇಳಿಸುವಾಗ ಹೊತ್ತವರು ದಡದಡನೆ ಇಳಿಯುತ್ತಿದ್ದರು, ತಿರುವಿನಲ್ಲಿ ಚಟ್ಟ ವಾಲಿತು. "ಸಾವಕಾಶ" ಎಂದೆ. ಎಲ್ಲರೂ ತಿರುಗಿ ನೋಡಿದರು. ಆ ಮಾತನ್ನು ನನ್ನ ಬಾಯಿಂದ ಆ ಬಿಲ್ಡಿಂಗಿನಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.