ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಓಣಿಯವರೆಲ್ಲ ಅವಳನ್ನು ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ಕಿಟಕಿ ಬಾಗಿಲುಗಳ ಪರದೆ ಹೊಲಿಯುವುದು, ಹೊಲಿದದ್ದನ್ನು ತಾನೇ ಕೊಂಡೊಯ್ದು ಪೈಪಿಗೆ ಪೋಣಿಸಿ ತೂಗುಹಾಕಿ ಬರುವುದು ಅವಳ ಕಸುಬು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಎಡಗಾಲಿನ ಬಲವನ್ನೆಲ್ಲ ಹೀರಿಕೊಂಡು ಹೋಗಿತ್ತು. ನಿಲ್ಲಬಲ್ಲಳು, ಕುಂಟುತ್ತ ನಡೆಯಬಲ್ಲಳು. ಆ ಕಾಲಿನಿಂದ ಏನನ್ನಾದರೂ ಒತ್ತಿ ಹಿಡಿಯುವುದು ಮಾತ್ರ ಆಗದ ಮಾತು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು.

ಕೆಳಮನೆಯಲ್ಲಿ ಅವಳು, ಹೊಲಿಗೆ ಯಂತ್ರ, ಗೋಡೆಗೊರಗಿಸಿದ ಬಟ್ಟೆಯ ಥಾನುಗಳು. ಮಹಡಿಯಲ್ಲಿ ಅಣ್ಣ ಮತ್ತು ಅತ್ತಿಗೆ. ಅಣ್ಣ ಬಸ್ ಓಡಿಸಿ ನಿವೃತ್ತನಾದವನು. ತಂದೆ ಬೇಗ ತೀರಿಕೊಂಡಿದ್ದರಿಂದ ತಂಗಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದವನು ಅವನೇ. ಬಸ್ಸಿಗೆ ಸೇರಿದ ಮೇಲೆ ತನ್ನ ಬೆನ್ನ ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ಹೊಲಿಗೆ ತರಗತಿಗೆ ಇಳಿಸುತ್ತಿದ್ದ. ಮುಂದೆ ಅವಳ ಕೈಗೆ ಕೆಲಸ ಹತ್ತಿದಾಗ, ರಜೆಯ ದಿನ ಗೆಳೆಯನ ವ್ಯಾನು ತಂದು ಪರದೆಗಳನ್ನು ಊರೆಲ್ಲ ಮುಟ್ಟಿಸಿ ಬರುತ್ತಿದ್ದ. ಯಾರಾದರೂ ಆಟೋ ಹಿಡಿಯಬಾರದೇ ಎಂದರೆ, ನಾನಿರುವಾಗ ಆಟೋ ಯಾಕೆ ಎಂದು ಮುಖ ಗಂಟಿಕ್ಕುತ್ತಿದ್ದ.

ಹೀಗಿರುವಾಗ ನಲವತ್ತು ದಾಟಿದ ಮೇಲೆ ತಂಗಿ ಯಾರಿಗೂ ಹೇಳದೆ ಕೇಳದೆ ಡ್ರೈವಿಂಗ್ ಕಲಿತು, ಕ್ಲಚ್ಚಿಲ್ಲದ ಒಂದು ಹಳೆಯ ಕಾರು ಕೊಂಡು ತಂದು ಗೇಟಿನ ಮುಂದೆ ನಿಲ್ಲಿಸಿದಳು. ಅಣ್ಣ ಇಳಿದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಾಗಿಲು ತೆಗೆದು ಕೆಳಗೆ ಬಗ್ಗಿ ನೋಡಿದ.

"ಎರಡೇ ಪೆಡಲ್ಲು. ಇದು ಗಾಡಿಯಲ್ಲ ಪುಟ್ಟಿ, ಉರುಳೋ ಕುರ್ಚಿ" ಎಂದವನೇ ಮೆಟ್ಟಿಲು ಹತ್ತಿ ಹೋದ.

ಅಂದಿನಿಂದ ಅವನು ಆ ಕಾರಿನಲ್ಲಿ ಕೂತಿರಲಿಲ್ಲ. ಅತ್ತಿಗೆ ಕೂತಳು, ಖುಷಿಯಾಗಿಯೇ ಕೂತಳು. ಅವನು ಮಾತ್ರ ಎಲ್ಲಿಗೆ ಹೋಗುವುದಿದ್ದರೂ ಸಿಟಿ ಬಸ್ಸನ್ನೇ ಹಿಡಿಯುತ್ತಿದ್ದ. ಡ್ರೈವರನ ಹಿಂದಿನ ಸೀಟು ಹಿಡಿದು, ಅವನು ಗೇರು ಬದಲಿಸಿದಾಗಲೆಲ್ಲ ಚ್ಚು ಚ್ಚು ಎನ್ನುತ್ತಿದ್ದನಂತೆ. ಕಣ್ಣಿಗೆ ಪೊರೆ ಬಂದ ಮೇಲೂ ಅದೇ ಹಟ. ಬಸ್ಸಿನ ನಂಬರು ಕಾಣದೆ ಬೇರೆ ದಾರಿಯ ಬಸ್ಸು ಹತ್ತಿ, ಎಲ್ಲೋ ಇಳಿದು, ನಡೆದು ಮನೆಗೆ ಬಂದ ದಿನವೂ ಉಂಟು. ಆಪರೇಷನ್ ಮಾಡಿಸಿಕೋ ಎಂದರೆ, ನೋಡೋಣ ಎನ್ನುತ್ತಿದ್ದ.

ಕಾರು ಕೆಲವು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಗೇರು ತಂಟೆ ತೆಗೆಯಿತು. ನಿಂತಲ್ಲಿಂದ ಹೊರಡುವಾಗ ಅದು ಹೋಗಲೋ ಬೇಡವೋ ಎಂದು ಯೋಚಿಸಿದಂತೆ ತಡೆದು, ನಂತರ ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ಜಿಗಿಯುತ್ತಿತ್ತು. ರಿವರ್ಸಿಗೆ ಹಾಕಿದರಂತೂ ದಡ್ ಎಂಬ ಏಟು. ಪರಿಚಯದ ಮೆಕ್ಯಾನಿಕ್ಕು ಓಡಿಸಿ ನೋಡಿದ. ಗೇರಿನ ಎಣ್ಣೆ ಹಳತಾಗಿದೆ ಎಂದು ಒಪ್ಪಿದ. ಆದರೆ ಇಷ್ಟು ಕಾಲ ಮುಟ್ಟದೆ ಬಿಟ್ಟ ಎಣ್ಣೆಯನ್ನು ಈಗ ಬದಲಿಸಿದರೆ ಗೇರು ಪೂರ್ತಿ ಜಾರಲೂಬಹುದು, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಗುತ್ತದೆ ಎಂದು ಕೈ ತೊಳೆದುಕೊಂಡ. ಇನ್ನೊಂದು ಗ್ಯಾರೇಜಿನವರು, ಗಾಡಿಯನ್ನು ವಾರದ ಮಟ್ಟಿಗೆ ಬಿಟ್ಟು ಹೋಗಿ ಎಂದರು. ಅವಳಿಗೆ ಸೋಮವಾರ ಬೆಳಿಗ್ಗೆ ಒಂದು ಕ್ಲಿನಿಕ್ಕಿನ ಪರದೆಗಳನ್ನೆಲ್ಲ ತೂಗುಹಾಕಬೇಕಿತ್ತು. ಯಂತ್ರ ಅಂದಮೇಲೆ ಎಣ್ಣೆ, ಎಣ್ಣೆ ಅಂದಮೇಲೆ ಅದು ಕಪ್ಪಾಗಲೇಬೇಕು, ಇಷ್ಟನ್ನು ಹೊಲಿಗೆ ಯಂತ್ರ ಅವಳಿಗೆ ಕಲಿಸಿತ್ತು. ಸರಿ, ತಾನೇ ಬದಲಿಸುವುದೆಂದು ತೀರ್ಮಾನಿಸಿದಳು.

ಫೋನಿನಲ್ಲಿ ವಿಡಿಯೋಗಳನ್ನು ಹುಡುಕಿದಳು. ಅವಳ ಕಾರಿನದೇ ವಿಡಿಯೋ ಒಂದು ಸಿಕ್ಕಿತು, ಆದರೆ ಅದರಲ್ಲಿದ್ದವನ ಭಾಷೆ ಅವಳಿಗೆ ಬಾರದು. ಮಾತು ಹೋಗಲಿ, ಕೈ ನೋಡಿದರೆ ಸಾಕಲ್ಲ ಎಂದುಕೊಂಡಳು. ಅವನು ಶುರುವಿನಲ್ಲೇ ಒಂದು ಕಡೆ ಬೆರಳೆತ್ತಿ ಮತ್ತೆ ಮತ್ತೆ ಏನನ್ನೋ ಹೇಳುತ್ತಿದ್ದ. ಅದು ತಿಳಿದಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ, ಎಣ್ಣೆ ಬಿಸಿಯಾಗಲೆಂದು ಒಂದು ಸುತ್ತು ಓಡಿಸಿ ತಂದು, ನಾಲ್ಕೂ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಚಕ್ರಕ್ಕೆ ಕಲ್ಲು ಕೊಟ್ಟಳು. ಯಾರೋ ಬೇಡವೆಂದು ಬಿಟ್ಟುಹೋದ ಪರದೆಯೊಂದನ್ನು ನೆಲಕ್ಕೆ ಹಾಸಿ, ಬೋಗುಣಿ ತಳ್ಳಿಕೊಂಡು ಕಾರಿನಡಿಗೆ ತೆವಳಿದಳು. ಗೇರು ಪೆಟ್ಟಿಗೆಯ ತಳದ ಬೋಲ್ಟು ಸಲೀಸಾಗಿ ಬಿಚ್ಚಿತು. ವಿಡಿಯೋದಲ್ಲಿ ಕೆಂಪಗೆ ಕಂಡ ಎಣ್ಣೆ ಇಲ್ಲಿ ಡಾಂಬರಿನಂತೆ ಇಳಿಯಿತು. ಇಸ್ತ್ರಿ ಪೆಟ್ಟಿಗೆ ತಾಗಿ ಬಟ್ಟೆ ಸುಟ್ಟಂಥ ವಾಸನೆ ಅಂಗಳಕ್ಕೆಲ್ಲ ಹಬ್ಬಿತು.

ಮೆಟ್ಟಿಲ ಮೇಲೆ ಮೂಗು ಮುಚ್ಚಿ ಕೂತಿದ್ದ ಅತ್ತಿಗೆ, "ಪಾಪ, ಇಷ್ಟು ದಿನ ಇದನ್ನ ಕುಡ್ಕೊಂಡು ಓಡ್ತಿತ್ತಾ?" ಎಂದಳು.

ಎಣ್ಣೆ ಹನಿಹನಿಯಾಗಿ ನಿಂತ ಮೇಲೆ ಪರದೆ ಅಕ್ಕ ಹೊಸ ವಾಷರ್ ಹಾಕಿ ತಳದ ಬೋಲ್ಟು ಬಿಗಿದಳು. ಹೊರಗೆ ಬಂದು, ಬಾನೆಟ್ಟು ಎತ್ತಿ, ಹೊಸ ಎಣ್ಣೆ ತುಂಬುವ ಬಾಯಿಯ ಬೋಲ್ಟಿಗೆ ಸ್ಪ್ಯಾನರು ಹಾಕಿದಳು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಕಾದಳು. ಸುತ್ತಿಗೆಯಿಂದ ತಟ್ಟಿದಳು. ಮತ್ತೆ ಎಳೆದಾಗ ಸ್ಪ್ಯಾನರು ಜಾರಿ ಬೆರಳ ಗೆಣ್ಣುಗಳು ಸುಲಿದವು. ವಿಡಿಯೋದವನು ಬೆರಳೆತ್ತಿ ಹೇಳುತ್ತಿದ್ದುದು ಏನೆಂದು ಆಗ ಅವಳಿಗೆ ಹೊಳೆಯಿತು: ತುಂಬುವ ಬಾಯಿ ಬಿಚ್ಚುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಆಮೇಲೆ ಖಾಲಿ ಮಾಡಿ. ಈಗ ಹಳೆಯದು ಹೊರಗಿತ್ತು, ಹೊಸದು ಒಳಗೆ ಹೋಗುವಂತಿರಲಿಲ್ಲ. ಎಣ್ಣೆಯಿಲ್ಲದ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇರಲಿಲ್ಲ.

"ನಿಮ್ಮಣ್ಣನ್ನ ಕರೀಲಾ?" ಎಂದು ಅತ್ತಿಗೆ ಕೇಳಿದಳು. ಬೇಡ ಎಂದಳು ಇವಳು.

ಅಣ್ಣ ಬೆಳಗಿನಿಂದಲೂ ಬಾಲ್ಕನಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಅಕ್ಷರ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಅಷ್ಟು ಹೊತ್ತಾದರೂ ಪುಟ ತಿರುವಿರಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದು, ಕಾಲಿನಿಂದ ಒಂದೊಂದೇ ಮೆಟ್ಟಿಲು ತಡವುತ್ತ ತಾನೇ ಇಳಿದು ಬಂದ.

"ತುಂಬೋ ಬಾಯಿ ತೆರೀದೆ ತಳ ಬಿಚ್ಚಿದ್ಯಾ?"

"ಹೂಂ."

ಇನ್ನೂ ನಾಲ್ಕು ಮಾತು ಬೀಳುತ್ತವೆ ಎಂದು ಅವಳು ತಲೆ ತಗ್ಗಿಸಿ ಕಾದಳು. ಅವನು ಬೈಯಲಿಲ್ಲ. ಕೈ ಒಳಗಿಳಿಸಿ ಬೋಲ್ಟಿನ ಅಂಚುಗಳನ್ನು ಬೆರಳ ತುದಿಯಿಂದ ಸವರಿ ನೋಡಿದ. ಬೋಲ್ಟು ಇನ್ನೂ ಸವೆದಿಲ್ಲ, ಸ್ಪ್ಯಾನರೂ ಸರಿಯಾದದ್ದೇ, ಹಿಡಿ ಗಿಡ್ಡವಾಯಿತು ಅಷ್ಟೆ ಎಂದ. ಗೋಡೆಯ ಬದಿಯಲ್ಲಿ ಅವಳ ಪರದೆ ಪೈಪುಗಳಿದ್ದವು. ತಡವಿ, ಗಟ್ಟಿಯಾದ ಕಬ್ಬಿಣದ ತುಂಡೊಂದನ್ನು ಆರಿಸಿ ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿದ. ಸ್ಪ್ಯಾನರಿನ ತಲೆ ಅಲುಗದಂತೆ ಒತ್ತಿ ಹಿಡಿ ಎಂದು ತಂಗಿಗೆ ಹೇಳಿ, ಪೈಪಿನ ತುದಿಯನ್ನು ಎರಡೂ ಕೈಯಿಂದ ಎಳೆದ. ಪೈಪು ಬಾಗಿತು. ಟಕ್ ಎಂದಿತು. ಬೋಲ್ಟು ಮುರಿದೇ ಹೋಯಿತೆಂದುಕೊಂಡರು ಇಬ್ಬರೂ. ಅವನು ಮತ್ತೆ ಬೆರಳಾಡಿಸಿ ನೋಡಿದ.

"ತಿರುಗಿದೆ" ಎಂದ.

ಹೊರಗೆ ಬಂದಷ್ಟನ್ನೇ ಅಳೆದು, ಆಲಿಕೆಗೆ ಕೊಳವೆ ಸಿಕ್ಕಿಸಿ, ಹೊಸ ಎಣ್ಣೆಯನ್ನು ನಿಧಾನವಾಗಿ ಹುಯ್ದರು. ಇನ್ನು ಉಳಿದದ್ದು ಒಂದು ಕೆಲಸ. ಯಾರಾದರೂ ಒಳಗೆ ಕೂತು, ಬ್ರೇಕು ಒತ್ತಿ ಹಿಡಿದು, ಎಂಜಿನ್ ಶುರು ಮಾಡಿ ಗೇರನ್ನು ಒಂದೊಂದೇ ಸ್ಥಾನಕ್ಕೆ ಸರಿಸಬೇಕು, ಎಣ್ಣೆ ಎಲ್ಲ ಕಡೆ ಹರಿಯಬೇಕು. ಇನ್ನೊಬ್ಬರು ಹೊರಗಿನಿಂದ ತಳದ ಬೋಲ್ಟು ಸೋರುತ್ತದೆಯೇ ನೋಡಬೇಕು. ಅತ್ತಿಗೆಯ ಮುಖ ನೋಡಿದರೆ, ನನ್ನನ್ನು ಮಾತ್ರ ಕೇಳಬೇಡಿ ಎಂದು ಕೈ ಮುಗಿದಳು. ಅಣ್ಣ ಬಟ್ಟೆ ಚೂರಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಕೈ ಸ್ವಚ್ಛವಾದ ಮೇಲೂ ಒರೆಸುತ್ತಲೇ ಇದ್ದ. ಕೊನೆಗೆ ಬಾಗಿಲು ತೆಗೆದು ಸ್ಟೇರಿಂಗಿನ ಮುಂದೆ ಕೂತ. ಕಾಣದಿದ್ದರೂ ಅಭ್ಯಾಸಬಲದಿಂದ ಕನ್ನಡಿ ಸರಿಮಾಡಿದ. ಅವನ ಎಡಗಾಲು ಕೆಳಗೆ ಏನನ್ನೋ ಹುಡುಕಾಡತೊಡಗಿತು.

"ಪುಟ್ಟಿ, ಈ ಕಾಲಿಗೆ ಏನೂ ಸಿಗ್ತಿಲ್ಲ."

"ಸಿಗಲ್ಲ. ಅದಕ್ಕೆ ಇಲ್ಲಿ ಕೆಲಸ ಇಲ್ಲ. ಸುಮ್ನೆ ಪಕ್ಕಕ್ಕಿಡು."

"ಸುಮ್ನೆ ಇಡೋದು ಹೇಗೆ?"

"ನಾನು ಇಟ್ಟಿಲ್ವಾ?"

ಅವನು ಕಾಲನ್ನು ಮಡಿಸಿ ಸೀಟಿನ ಬುಡಕ್ಕೆ ಸೇರಿಸಿ, ಬಲಗಾಲಲ್ಲಿ ಬ್ರೇಕು ಒತ್ತಿ ಎಂಜಿನ್ ಶುರು ಮಾಡಿದ. ಅವಳು ಕಾರಿನ ಪಕ್ಕದಲ್ಲಿ ನೆಲಕ್ಕೆ ಕೆನ್ನೆಯೊತ್ತಿ ಟಾರ್ಚು ಬಿಟ್ಟು ನೋಡಿದಳು. ಬೋಲ್ಟು ಒಣಗಿತ್ತು. ಮೇಲಿನಿಂದ ಅವನ ದನಿ ಕೇಳಿಸಿತು.

"ರಿವರ್ಸಿಗೆ ಹಾಕ್ದಾಗ ದಡ್ ಅಂತಿತ್ತಲ್ಲ, ಈಗಿಲ್ಲ."

ಅವಳು ಎದ್ದು ಕೂತಳು. "ನೀನು ಇದರಲ್ಲಿ ಕೂತೇ ಇಲ್ಲ. ನಿಂಗೆ ಹೇಗೆ ಗೊತ್ತು?"

"ಬಾಲ್ಕನಿಗೆ ಕೇಳ್ಸುತ್ತೆ. ದಿನಾ ನೀನು ಹೊರಡೋವಾಗ, ಬರೋವಾಗ." ಅವನು ಎಂಜಿನ್ ಆರಿಸಿದ. "ನೀನು ಗೇಟಿನ ಹತ್ರ ಬಂದು ತಲುಪಿದೆ ಅಂತ ಅದರಿಂದಲೇ ಗೊತ್ತಾಗ್ತಿತ್ತು."

ಅವಳ ಬೆರಳಿನ ಗಾಯಕ್ಕೆ ಎಣ್ಣೆ ತಾಗಿ ಉರಿಯುತ್ತಿತ್ತು, ತೊಳೆಯಲು ಒಳಗೆ ಹೋದಳು.

ಓಡಿಸಿ ನೋಡಲು ಹೊರಟಾಗ ಅಣ್ಣ ಯಾರೂ ಕರೆಯದಿದ್ದರೂ ಪಕ್ಕದ ಸೀಟಿನಲ್ಲಿ ಕೂತ. ಅದನ್ನು ಕಂಡು ಅತ್ತಿಗೆ ಕೈಯಲ್ಲಿದ್ದ ಪೊರಕೆ ಬಿಸಾಕಿ ಓಡಿ ಬಂದು ಹಿಂದೆ ಹತ್ತಿದಳು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೊರಟಿತು. ಏರಿನಲ್ಲಿ ಮಾತ್ರ ಒಮ್ಮೆ ತಡೆಯಿತು. ಒಂದೇ ಸಲಕ್ಕೆ ಹಳೆಯ ಎಣ್ಣೆ ಪೂರ್ತಿ ಇಳಿಯುವುದಿಲ್ಲ, ಅರ್ಧ ಒಳಗೇ ಉಳಿದಿರುತ್ತದೆ. ಸೋಮವಾರ ಕ್ಲಿನಿಕ್ಕಿನ ಪರದೆಗಳು ಹೊತ್ತಿಗೆ ಸರಿಯಾಗಿ ತೂಗಿದವು. ತಿಂಗಳ ನಂತರ ಅಣ್ಣ ತಂಗಿ ಇನ್ನೊಮ್ಮೆ ಎಣ್ಣೆ ಬದಲಿಸಿದರು, ಈ ಸಲ ಮೇಲಿನ ಬೋಲ್ಟನ್ನು ಮೊದಲು ಬಿಚ್ಚಿ. ಆ ತಡೆಯೂ ಹೋಯಿತು. ಮೆಕ್ಯಾನಿಕ್ಕು ಸುದ್ದಿ ತಿಳಿದು, ನಿಮ್ಮ ಅದೃಷ್ಟ ಎಂದ. ಅವಳು ಹೌದೆಂದಳು, ಅದು ಸುಳ್ಳೇನೂ ಆಗಿರಲಿಲ್ಲ.

ಆ ವರ್ಷವೇ ಅಣ್ಣ ಕಣ್ಣಿನ ಆಪರೇಷನ್ನಿಗೆ ಒಪ್ಪಿದ. ಕರೆದುಕೊಂಡು ಹೋಗಿ ಬಂದದ್ದು ತಂಗಿಯ ಕಾರಿನಲ್ಲೇ. ದೃಷ್ಟಿ ಬಂದ ಮೇಲೆ ತಾನೂ ಇದನ್ನು ಓಡಿಸಿ ನೋಡುತ್ತೇನೆ ಎಂದ. ಮೊದಲ ತಿರುವಿನಲ್ಲೇ ಅವನ ಎಡಗಾಲು ಕ್ಲಚ್ಚೆಂದುಕೊಂಡು ಬ್ರೇಕನ್ನು ಬುಡಮಟ್ಟ ತುಳಿಯಿತು. ಹಿಂದೆ ಕೂತಿದ್ದ ಅತ್ತಿಗೆಯ ಹಣೆ ಮುಂದಿನ ಸೀಟಿಗೆ ಬಡಿಯಿತು. ಈ ವಯಸ್ಸಿನಲ್ಲಿ ಕಾಲಿಗೆ ಮರೆಯುವುದನ್ನು ಕಲಿಸಲಾಗದು ಎಂದು ಅವನು ಕೀಲಿ ಹಿಂದಿರುಗಿಸಿದ.

ಅತ್ತಿಗೆ ಹಣೆ ತಿಕ್ಕಿಕೊಳ್ಳುತ್ತ, "ಹಾಗಾದ್ರೆ ನಂಗೆ ಕಲಿಸು" ಎಂದಳು. "ನಂಗೆ ಮರೆಯೋಕೆ ಏನೂ ಇಲ್ಲ."

ಗಂಡ ನಕ್ಕ. ನಾದಿನಿ ನಗಲಿಲ್ಲ. ಮರುದಿನದಿಂದಲೇ ಪಾಠ ಶುರುವಾಯಿತು. ಮಳೆಗಾಲದಲ್ಲಿ ಪರದೆ ಅಕ್ಕನ ಕಾಲು ನೋಯುವ ದಿನ ಈಗ ಅತ್ತಿಗೆಯೇ ಕಾರು ತೆಗೆಯುತ್ತಾಳೆ. ನೇರ ದಾರಿಯಲ್ಲಿ ಅವಳ ಕೈ ಹದವಾಗಿದೆ. ಒಳಗೆ ತಂದು ನಿಲ್ಲಿಸುವಾಗ ಮಾತ್ರ ಇನ್ನೂ ಎಡವಟ್ಟಾಗುತ್ತದೆ, ಗೇಟಿನ ಎರಡೂ ಕಡೆ ನೆಗ್ಗು ಬಿದ್ದಿದೆ.